ಮಹಡಿ ಬಸ್ಸಿನ ನಲವತ್ತು ದಿನ

ಬೈರಕೂರಿಗೆ ಮಹಡಿ ಬಸ್ಸು ಬಂದದ್ದು ಎಪ್ಪತ್ತೆಂಟರ ಶ್ರಾವಣದಲ್ಲಿ. ಅದಕ್ಕೆ ಮೊದಲು ಆ ಸೀಮೆಯಲ್ಲಿ ಅಂಥದ್ದು ಓಡಿರಲೇ ಇಲ್ಲವೆಂದಲ್ಲ. ಹಿಂದಿನ ವರ್ಷ ಕೋಲಾರದಿಂದ ಶ್ರೀನಿವಾಸಪುರಕ್ಕೆ ಒಂದನ್ನು ಬಿಟ್ಟಿದ್ದರು. ದಾರಿಯುದ್ದಕ್ಕೂ ಹುಣಸೆಮರಗಳು. ಕೊಂಬೆಗಳು ಮೇಲಿನ ಕಿಟಕಿಯೊಳಕ್ಕೇ ನುಗ್ಗುತ್ತಿದ್ದವು. ಕೂತಲ್ಲಿಂದಲೇ ಹುಣಸೆಕಾಯಿ ಕಿತ್ತು ಮಡಿಲು ತುಂಬಿಕೊಂಡವರೂ ಇದ್ದರು, ಕೊಂಬೆಯ ಏಟಿಗೆ ಮುಖ ಊದಿಸಿಕೊಂಡವರೂ ಇದ್ದರು. ಹತ್ತೊಂಬತ್ತು ದಿನ ಓಡಿದ ಬಸ್ಸು ಇಪ್ಪತ್ತನೆಯ ದಿನ ಬರಲಿಲ್ಲ. ಯಾಕೆಂದು ಯಾರೂ ಹೇಳಲಿಲ್ಲ, ಯಾರನ್ನು ಕೇಳಬೇಕೆಂದು ಜನಕ್ಕೂ ಗೊತ್ತಾಗಲಿಲ್ಲ.

ಈಗ ಬಂದದ್ದು ಎರಡನೆಯದು. ಬೆಂಗಳೂರಿನಲ್ಲಿ ಒಂಬತ್ತು ವರ್ಷ ದುಡಿದು ಬಣ್ಣ ಮಾಸಿದ ಬಸ್ಸು. ಬೆಳಿಗ್ಗೆ ಏಳೂವರೆಗೆ ಬೈರಕೂರು ಬಿಟ್ಟು, ಮುಳಬಾಗಿಲ ಮೇಲೆ ಹಾದು, ಒಂಬತ್ತೂಕಾಲಿಗೆ ಕೋಲಾರ ಮುಟ್ಟಬೇಕು. ನಲವತ್ತು ದಿನ ಓಡಿಸಿ ನೋಡುವುದು, ಜನ ತುಂಬಿದರೆ, ಹೊತ್ತಿಗೆ ಸರಿಯಾಗಿ ಓಡಿದರೆ ಉಳಿಸಿಕೊಳ್ಳುವುದು, ಇಲ್ಲದಿದ್ದರೆ ವಾಪಸು ಕಳಿಸುವುದು ಎಂದು ಡಿಪೋದವರು ತೀರ್ಮಾನಿಸಿದ್ದರು.

ಬಸ್ಸು ಉಳಿಯಲೆಂದು ಎಲ್ಲರಿಗಿಂತ ಹೆಚ್ಚು ಹಂಬಲಿಸಿದವನು ಕಂಡಕ್ಟರ್ ಕೋದಂಡರಾಮಪ್ಪ. ಒಂದಂತಸ್ತಿನ ಬಸ್ಸಿಗೆ ಒಬ್ಬ ಕಂಡಕ್ಟರ್ ಸಾಕು, ಇದಕ್ಕೆ ಇಬ್ಬರು ಬೇಕು. ಕೆಳಗಿನ ಅಂತಸ್ತಿಗೆ ಮುಳಬಾಗಿಲಿನ ಚಾಂದ್ ಪಾಷ ಇದ್ದ. ಮೇಲಿನದಕ್ಕೆ ಬೇಕಾಯಿತೆಂದು ಮಾಲೂರಿನಿಂದ ಕೋದಂಡನನ್ನು ಕರೆಸಿದ್ದರು. ಅವನ ಹೆಂಡತಿ ಭಾರತಮ್ಮ ಬೈರಕೂರಿನವಳು. ಮಾವ ಪೆದ್ದಪ್ಪನಿಗೆ ಅವಳೊಬ್ಬಳೇ ಮಗಳು. ಒಂದೂವರೆ ಎಕರೆ ಹಿಪ್ಪುನೇರಳೆ, ಮನೆ ತುಂಬ ರೇಷ್ಮೆಹುಳದ ತಟ್ಟೆಗಳು, ಅದನ್ನೆಲ್ಲ ಬಿಟ್ಟು ಅವಳು ಮಾಲೂರಿಗೆ ಹೋಗುವಂತಿರಲಿಲ್ಲ. ಮನೆಯಳಿಯನಾಗಿ ಬಂದ ಕೋದಂಡ ಮದುವೆಯಾದ ಆರು ವರ್ಷವೂ ಮಾಲೂರಿನ ಇಟ್ಟಿಗೆ ಗೂಡುಗಳ ನಡುವೆ ಬಾಡಿಗೆ ಕೋಣೆಯಲ್ಲಿದ್ದು, ಹದಿನೈದು ದಿನಕ್ಕೊಮ್ಮೆ ನೆಂಟನ ಹಾಗೆ ಬಂದು ಹೋಗುತ್ತಿದ್ದ. ಬಸ್ಸು ಉಳಿದರೆ ಅವನು ಊರಲ್ಲಿ ಉಳಿಯುತ್ತಾನೆ, ಹೋದರೆ ಅವನೂ ಹೋಗಬೇಕು. ಇದು ಊರಿಗೆಲ್ಲ ಗೊತ್ತಿತ್ತು.

ಮೊದಲನೆಯ ದಿನ ಬಸ್ಸಿನ ಸುತ್ತ ನೂರು ಜನ ಸೇರಿದ್ದರು. ಹಿಂಬಾಗಿಲ ಹತ್ತಿರ ಮೇಲಕ್ಕೆ ಹೋಗುವ ಮೆಟ್ಟಿಲು. ಅದನ್ನು ಮೊದಲು ಹತ್ತಿದವನು ಊರಾಚೆಯ ಕಾಲೋನಿಯ ಕದಿರೇಶ. ಕೋಲಾರದ ಆಫೀಸೊಂದರಲ್ಲಿ ಅಟೆಂಡರ್ ಆಗಿದ್ದ. ಅವನ ಹಿಂದೆ ಕಾಲೋನಿಯ ಇನ್ನೂ ನಾಲ್ವರು ಹತ್ತಿದರು. ಕೆಳಗೆ ಮುಂದಿನ ಸೀಟಿನಲ್ಲಿ ಆಗಲೇ ಕೂತಿದ್ದ ಹಿರಿಯ ಚನ್ನರಾಯಪ್ಪ ತಲೆಯ ಮೇಲೆ ಸದ್ದಾದದ್ದನ್ನು ಕೇಳಿ ಕತ್ತೆತ್ತಿದ. ಮತ್ತೆ ಸದ್ದಾಯಿತು. ಅವನು ಎದ್ದು ಬಸ್ಸಿನಿಂದಲೇ ಇಳಿದುಬಿಟ್ಟ.

"ಏನಯ್ಯಾ ಪಾಷ, ಇವರ ಕಾಲು ನನ್ನ ನೆತ್ತಿ ಮೇಲಾ?"

"ಗೌಡ್ರೇ, ಮಧ್ಯ ಹಲಗೆ ಐತಲ್ಲ," ಎಂದ ಪಾಷ.

"ಹಲಗೆ ಇದ್ರೆ ಕಾಲು ಕಾಲಲ್ವಾ?"

"ಹಂಗಾದ್ರೆ ನೀವೇ ಮೇಲಕ್ಕೆ ಹೋಗಿ."

"ಮಂಡಿ ಬಗ್ಗಲ್ಲ ಕಣಯ್ಯಾ. ಬಗ್ಗೋ ಹಂಗಿದ್ರೆ ನಿನ್ನ ಯಾಕೆ ಕೇಳ್ತಿದ್ದೆ?"

ಅವನು ಇಳಿದದ್ದನ್ನು ನೋಡಿ ಅವನ ಓರಗೆಯವರೆಲ್ಲ ಇಳಿದರು. ಮುಳಬಾಗಿಲಿಗೆ ಹೂವು ಮಾರಲು ಹೋಗುವ ದೊಡ್ಡಗಂಗಮ್ಮ ಬುಟ್ಟಿ ಹೊತ್ತು ನೇರ ಮೆಟ್ಟಿಲ ಕಡೆ ನಡೆದಳು. "ದೇವರಿಗೆ ಹೋಗೋ ಹೂವು. ಇದರ ಮೇಲೆ ಯಾರ ಕಾಲೂ ಆಗ್ಬಾರ್ದು. ನಾನು ಮೇಲೇ ಕೂರೋಳು," ಎಂದಳು. ಅವಳು ಮೇಲೆ ಕೂತರೆ ಹೆಂಗಸಿನ ಕಾಲಡಿ ತಾವು ಹೇಗೆ ಕೂರುವುದೆಂದು ಗಂಡಸರು ಗೊಣಗಿದರು. ಅಷ್ಟರಲ್ಲಿ ಒಬ್ಬ ಸೊಸೆ ಗೊತ್ತಿಲ್ಲದೆ ಮೇಲೆ ಹತ್ತಿ, ಮಾವ ಕೆಳಗೆ ಕೂತಿದ್ದಾನೆಂದು ತಿಳಿದು ಅಳುಮೋರೆ ಮಾಡಿಕೊಂಡು ಇಳಿದು ಬಂದಳು.

ಪೆದ್ದಪ್ಪ ಮಾತ್ರ ಕೆಳಗೆ ತನ್ನ ಸೀಟು ಬಿಟ್ಟು ಕದಲಲಿಲ್ಲ. "ಧಾರೇಲಿ ನಾನೇ ಕಾಲು ತೊಳೆದಿದ್ದೀನಿ. ಅಳಿಯಂದ್ರು ನನ್ನ ತಲೆ ಮೇಲೆ ಓಡಾಡಿದ್ರೂ ನಂಗೇನಿಲ್ಲಪ್ಪ," ಎಂದ.

"ಮದುವೆ ಆದಾಗಿಂದ ಓಡಾಡ್ತಾನೇ ಅವ್ರಲ್ಲ, ಹೊಸದೇನೈತೆ!" ಎಂದಳು ದೊಡ್ಡಗಂಗಮ್ಮ ಮೇಲಿನ ಕಿಟಕಿಯಿಂದ.

ಗಂಟೆ ಎಂಟಾಯಿತು. ಬಸ್ಸಿನೊಳಗಿದ್ದವರಿಗಿಂತ ಹೊರಗಿದ್ದವರೇ ಹೆಚ್ಚು. ಡ್ರೈವರು ಇಂಜಿನ್ ಆರಿಸಿ ಬೀಡಿ ಹಚ್ಚಿದ. ಕೋದಂಡನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ತೋಚದೆಯೇ ಬಗ್ಗಿ ತನ್ನ ಬೂಟಿನ ದಾರ ಬಿಚ್ಚಿ, ಎರಡನ್ನೂ ಮೆಟ್ಟಿಲ ಬುಡದಲ್ಲಿಟ್ಟ.

"ಮನೇಲಿ ಅಟ್ಟ ಹತ್ತೋವಾಗ ಚಪ್ಪಲಿ ಕೆಳಗೆ ಬಿಡಲ್ವಾ ಗೌಡ್ರೇ? ಇದನ್ನೂ ಹಂಗೇ ಅನ್ಕೊಳ್ಳಿ. ಅಟ್ಟದ ಮೇಲೆ ಬರಿಗಾಲಲ್ಲಿ ಓಡಾಡಿದ್ರೆ ಕೆಳಗಿರೋರಿಗೆ ಏನು ದೋಷ?"

ಚನ್ನರಾಯಪ್ಪ ಯೋಚಿಸಿದ. ಅವನ ಮನೆಯಲ್ಲೂ ಅಟ್ಟವಿತ್ತು. ರಾಗಿ ತೆಗೆಯಲು ಆಳುಗಳು ಹತ್ತುತ್ತಿದ್ದರು, ಕೆಳಗೆ ಇವನು ಊಟಕ್ಕೆ ಕೂತಿರುತ್ತಿದ್ದ. "ಬರಿಗಾಲಾದ್ರೆ ಅಡ್ಡಿಯಿಲ್ಲ," ಎಂದ.

ಆದರೆ ಕದಿರೇಶ ಮೆಟ್ಟಿಲ ತುದಿಯಲ್ಲೇ ನಿಂತಿದ್ದ. "ಊರ ಬೀದೀಲಿ ನಮ್ಮಪ್ಪ ಚಪ್ಪಲಿ ಕೈಲಿ ಹಿಡ್ಕೊಂಡು ನಡೆದಿದ್ದು ಸಾಲ್ದಾ? ಸರ್ಕಾರದ ಬಸ್ಸಲ್ಲೂ ನಾವು ಬಿಡ್ಬೇಕಾ ಅಣ್ಣಾ?"

"ನಿಂಗೊಬ್ಬನಿಗಲ್ಲ ಕಣೋ. ಮೇಲೆ ಹತ್ತೋರು ಯಾರೇ ಆಗ್ಲಿ ಬಿಡ್ಬೇಕು. ನಂದು ಮೊದಲು ಬಿಟ್ಟಿಲ್ವಾ? ಗೌಡ್ರ ಮಗ ಬಂದ್ರೂ ಅಷ್ಟೇ."

"ಅದನ್ನ ನಾನು ನೋಡ್ಬೇಕು," ಎಂದು ಕದಿರೇಶ ಅಲ್ಲೇ ನಿಂತ. ಚನ್ನರಾಯಪ್ಪನ ಮಗ ಅಪ್ಪನ ಮುಖ ನೋಡಿದ. ಅಪ್ಪ ಬೇರೆ ಕಡೆ ನೋಡಿದ. ಮಗ ಚಪ್ಪಲಿ ಬಿಟ್ಟು ಹತ್ತಿದ ಮೇಲೆ ಕದಿರೇಶನೂ ಇಳಿದು ಬಂದು ತನ್ನ ಚಪ್ಪಲಿಯನ್ನು ಅದರ ಪಕ್ಕದಲ್ಲೇ ಬಿಟ್ಟ. ಬಸ್ಸು ಹೊರಟಿತು.

ಹತ್ತುವ ಜಗಳ ಅಲ್ಲಿಗೆ ಮುಗಿಯಿತು. ಇಳಿಯುವ ಗೊಂದಲ ಅಲ್ಲಿಂದ ಶುರುವಾಯಿತು.

ಊರಿನ ಅರ್ಧ ಜನ ಮುಳಬಾಗಿಲಿನ ಒಂದೇ ಅಂಗಡಿಯಲ್ಲಿ ಹವಾಯಿ ಚಪ್ಪಲಿ ಕೊಂಡವರು. ಎಲ್ಲವೂ ನೀಲಿ ಪಟ್ಟಿಯವು. ಮೆಟ್ಟಿಲ ಬುಡದ ರಾಶಿಯಲ್ಲಿ ತನ್ನದು ಯಾವುದು, ನೆರೆಯವನದು ಯಾವುದು ಎಂದು ಹುಡುಕುವುದರೊಳಗೆ ಹತ್ತು ನಿಮಿಷ. ಒಬ್ಬ ಹುಡುಕುತ್ತಿದ್ದರೆ ಹಿಂದಿನವರು ಇಳಿಯುವಂತಿಲ್ಲ, ಕೆಳಗಿನಿಂದ ಹೊಸಬರು ಹತ್ತುವಂತಿಲ್ಲ. ಮುಳಬಾಗಿಲಿನಲ್ಲಿ ಇಳಿದವರು ಕೋಲಾರಕ್ಕೆ ಹೋಗುವವರ ಚಪ್ಪಲಿ ಮೆಟ್ಟಿಕೊಂಡು ಹೋದರು. ಕೋಲಾರದಲ್ಲಿ ಇಳಿದವರು ಎಡಗಾಲಿಗೆ ದೊಡ್ಡದು, ಬಲಗಾಲಿಗೆ ಚಿಕ್ಕದು ಸಿಕ್ಕಿಸಿಕೊಂಡು ಕೋರ್ಟಿಗೆ ನಡೆದರು. ತಿರುವಿನಲ್ಲಿ ಬಸ್ಸು ವಾಲಿದರೆ ನಾಲ್ಕೈದು ಚಪ್ಪಲಿ ಹಿಂಬಾಗಿಲಿನಿಂದ ರಸ್ತೆಗೆ ಉದುರುತ್ತಿದ್ದವು. ಬಸ್ಸು ನಿಲ್ಲಿಸಿ, ಜನ ಹಿಂದಕ್ಕೆ ಓಡಿ ಆರಿಸಿಕೊಂಡು ಬರಬೇಕು.

"ನಾನು ಕಂಡಕ್ಟರಾ, ಮಸೀದಿ ಬಾಗಿಲಲ್ಲಿ ಚಪ್ಪಲಿ ಕಾಯೋನಾ?" ಎಂದು ಪಾಷ ರೇಗಿದ. "ಕೋದಂಡಣ್ಣ, ನಿಮ್ಮ ಬುದ್ಧಿಗೆ ಒಂದು ದೊಡ್ಡ ಸಲಾಮು."

ಮುಳಬಾಗಿಲಿನಲ್ಲಿ ಹತ್ತುವ ಪರವೂರಿನವರಿಗೆ ಏನೂ ಅರ್ಥವಾಗುತ್ತಿರಲಿಲ್ಲ. ರಾಶಿ ಕಂಡು, ಈ ಬಸ್ಸಿನ ಪದ್ಧತಿಯೇ ಹೀಗಿರಬೇಕೆಂದು, ಕೆಳಗೆ ಕೂರುವವರೂ ಬಿಟ್ಟರು. ರಾಶಿ ಇನ್ನೂ ದೊಡ್ಡದಾಯಿತು. ಒಂಬತ್ತೂಕಾಲಿಗೆ ಮುಟ್ಟಬೇಕಾದ ಬಸ್ಸು ಹತ್ತಕ್ಕೆ, ಹತ್ತೂಕಾಲಿಗೆ ಕೋಲಾರ ಸೇರುತ್ತಿತ್ತು. ತಡವಾದದ್ದಕ್ಕೆ ಕಾರಣ ಬರೆಯಬೇಕು. ಕೋದಂಡ ಒಂದು ದಿನ ಹಸು ಅಡ್ಡ ಬಂತೆಂದು ಬರೆದ, ಇನ್ನೊಂದು ದಿನ ಮದುವೆ ದಿಬ್ಬಣವೆಂದು ಬರೆದ. ಮೂರನೆಯ ವಾರ ಬರೆಯಲು ಏನೂ ಉಳಿಯಲಿಲ್ಲ.

ಆ ವಾರವೇ ಡಿಪೋದಿಂದ ಮಾತು ಬಂತು. ಗುರುವಾರ ಬೆಳಿಗ್ಗೆ ಅಧಿಕಾರಿಯೊಬ್ಬರು ಬೈರಕೂರಿನಲ್ಲೇ ಬಸ್ಸು ಹತ್ತಿ ಮುಳಬಾಗಿಲವರೆಗೆ ಬಂದು ನೋಡುತ್ತಾರೆ. ಅವರು ಬರೆದದ್ದೇ ಕೊನೆಯ ತೀರ್ಮಾನ.

ಬುಧವಾರ ಸಾಯಂಕಾಲ ಪೆದ್ದಪ್ಪನ ಮನೆಯ ಜಗಲಿಯಲ್ಲಿ ಹತ್ತಾರು ಜನ ಕೂಡಿದರು. ಕದಿರೇಶ ಅಂಗಳದಲ್ಲಿ ಕಲ್ಲಿನ ಮೇಲೆ ಕೂತ.

"ನಾಳೆ ಒಂದಿನ ಎಲ್ಲಾ ಚಪ್ಪಲಿ ಹಾಕ್ಕೊಂಡೇ ಹತ್ತಿಬಿಡಿ," ಎಂದ ಕೋದಂಡ.

"ಹತ್ತಿ," ಎಂದ ಚನ್ನರಾಯಪ್ಪ. "ನಾನು ಬರಲ್ಲ. ನಮ್ಮೋರು ಯಾರೂ ಬರಲ್ಲ. ಕೆಳಗಿನ ಸೀಟೆಲ್ಲ ಖಾಲಿ ಹೊಡೀತಿರ್ತವೆ. ಆಫೀಸರು ಅದನ್ನ ನೋಡಿ ಮುತ್ತು ಕೊಡ್ತಾನಾ?"

ಆಮೇಲೆ ದೊಡ್ಡಗಂಗಮ್ಮ ಅಂದಳು: "ಚಪ್ಪಲಿ ಬಸ್ಸಲ್ಲಿ ಬಿಟ್ರೆ ತಾನೇ ಹುಡುಕ್ಬೇಕು? ಮನೇಲೇ ಬಿಟ್ಟು ಬಂದ್ರೆ?"

ಅದು ಎಲ್ಲರಿಗೂ ಸರಿಕಂಡಿತು. ಇಷ್ಟು ಸುಲಭವಾದದ್ದು ಇಷ್ಟು ದಿನ ಯಾಕೆ ಹೊಳೆಯಲಿಲ್ಲವೆಂದು ಆಶ್ಚರ್ಯಪಟ್ಟರು.

"ನಿಮಗೇನು, ಸಂತೆಗೆ ಹೋಗಿ ಬರ್ತೀರ," ಎಂದ ಕದಿರೇಶ. "ನಾನು ಆಫೀಸಿಗೆ ಬರಿಗಾಲಲ್ಲಿ ಹೋಗ್ಲಾ?"

ಭಾರತಮ್ಮ ಒಳಗಿನಿಂದ ಸೊಪ್ಪಿನ ಬುಟ್ಟಿ ಹಿಡಿದೇ ಬಾಗಿಲಿಗೆ ಬಂದಳು. "ಒಂದಿವ್ಸ ಕಣಪ್ಪಾ ಕದಿರೇಶ. ಇವರು ಮೂರು ವಾರದಿಂದ ದಿನಾ ಮನೇಲಿ ಉಂಡು ಮಲಗ್ತಾವ್ರೆ. ನಂಗಿನ್ನೂ ಅಭ್ಯಾಸಾನೇ ಆಗಿಲ್ಲ. ಅಷ್ಟರಲ್ಲೇ ಮತ್ತೆ ಮಾಲೂರು ಅಂದ್ರೆ ಹೆಂಗೆ?"

ಕದಿರೇಶ ತಲೆ ತಗ್ಗಿಸಿ ನೆಲ ಕೆರೆದ. "ಅಕ್ಕ ಕೇಳಿದ್ದಕ್ಕೆ," ಎಂದ.

ಚನ್ನರಾಯಪ್ಪ ಕೋಲೂರಿ ಎದ್ದ. "ಮೇಲಿನೋರೆಲ್ಲ ಬರಿಗಾಲಲ್ಲಿ ಬಂದು, ಕೆಳಗೆ ನಾನೊಬ್ಬ ಮೆಟ್ಟು ಹಾಕ್ಕೊಂಡು ಕೂತ್ರೆ ಚೆನ್ನಾಗಿರಲ್ಲ. ನಾವೂ ಬಿಟ್ಟೇ ಬರ್ತೀವಿ."

ಗುರುವಾರ ಅಧಿಕಾರಿ ಜೀಪಿನಲ್ಲಿ ಬಂದಿಳಿದಾಗ ಏಳೂಕಾಲು. ಜನ ಆಗಲೇ ಹತ್ತಿ ಕೂತಿದ್ದರು. ಏಳೂವರೆಗೆ ಸರಿಯಾಗಿ ಬಸ್ಸು ಕದಲಿತು, ಜೀಪು ಹಿಂದಿನಿಂದ ಬಂತು. ಮೇಲೆ ಒಂದು ಸೀಟೂ ಖಾಲಿಯಿಲ್ಲ. ಕೆಳಗೆ ನಿಂತವರೇ ಹದಿನಾಲ್ಕು. ಅಧಿಕಾರಿ ಬೂಟುಗಾಲಲ್ಲಿ ಮೇಲೆ ಹತ್ತಿ ಈ ತುದಿಯಿಂದ ಆ ತುದಿಗೆ ನಡೆದರು. ಕೆಳಗೆ ಚನ್ನರಾಯಪ್ಪ ಕಣ್ಣು ಮುಚ್ಚಿ, ಬೂಟಿನ ಒಂದೊಂದು ಸದ್ದಿಗೂ ಹುಬ್ಬು ಗಂಟು ಹಾಕಿ ಸಹಿಸಿಕೊಂಡ. ನಿಲ್ದಾಣಗಳಲ್ಲಿ ಜನ ಮೆಟ್ಟಿಲಿಳಿದು ನೇರ ರಸ್ತೆಗೆ ಕಾಲಿಟ್ಟರು. ಒಂದು ನಿಮಿಷವೂ ಹಾಳಾಗಲಿಲ್ಲ. ಕೋದಂಡ ಗಡಿಯಾರ ನೋಡಿಕೊಂಡು ಒಳಗೊಳಗೇ ಹಿಗ್ಗಿದ.

ಮುಳಬಾಗಿಲು ಇನ್ನೊಂದು ಮೈಲಿ ಇರುವಾಗ ಅಧಿಕಾರಿ ಕೆಳಗೆ ಬಂದು ಪೆದ್ದಪ್ಪನ ಸೀಟಿನ ಕಂಬಿ ಹಿಡಿದು ನಿಂತರು. ಅವರ ಕಣ್ಣು ನೆಲದ ಮೇಲೆ ಬಿತ್ತು. ಒಂದು ಸಾಲು ನೋಡಿದರು, ಇನ್ನೊಂದು ಸಾಲು ನೋಡಿದರು.

"ಯಾಕೆ, ಯಾರ ಕಾಲಲ್ಲೂ ಚಪ್ಪಲಿ ಇಲ್ಲ?"

ಮೆಟ್ಟಿಲ ಮೇಲಿದ್ದ ಕೋದಂಡ ಒಂದು ಮೆಟ್ಟಿಲು ಹಿಂದಕ್ಕೆ ಸರಿದ. ನಿಜ ಹೇಳಿದರೆ ಮೂರು ವಾರದ ಹಸು, ದಿಬ್ಬಣ ಎಲ್ಲ ಹೊರಗೆ ಬೀಳುತ್ತವೆ. ಅವನ ಬೂಟೂ ಮನೆಯಲ್ಲಿತ್ತು. ಪಾಷ ಟಿಕೆಟ್ಟಿನ ಕಟ್ಟು ತಿರುವಿದ. ಅಳಿಯನ ಮುಖ ನೋಡಿ ಪೆದ್ದಪ್ಪ ಎದ್ದು ಕೈಮುಗಿದ.

"ಹರಕೆ ಸಾಮಿ. ಕುರುಡುಮಲೆ ವಿನಾಯಕನಿಗೆ."

"ಇಷ್ಟೂ ಜನದ್ದಾ?"

"ಎಲ್ಲಾರ್ದೂ ಸಾಮಿ. ಊರ ಹರಕೆ."

ಗಣೇಶನ ಹಬ್ಬ ಹತ್ತಿರವಿತ್ತು, ಕುರುಡುಮಲೆಯೂ ಮುಳಬಾಗಿಲಿಗೆ ಹತ್ತಿರವೇ. ಅಧಿಕಾರಿ ನಂಬಿದರು. ನಂಬಿದ್ದಷ್ಟೇ ಅಲ್ಲ, ತಾವೂ ಕಿಟಕಿಯ ಕಡೆ ತಿರುಗಿ ಕಾಣದ ದೇವಸ್ಥಾನಕ್ಕೆ ಒಂದು ಕೈಮುಗಿದರು. ಮುಳಬಾಗಿಲಿನಲ್ಲಿ ಇಳಿದು ಕೋದಂಡನ ಬೆನ್ನು ತಟ್ಟಿ, "ಹೊತ್ತಿಗೆ ಸರಿಯಾಗಿ ಬಂದಿದ್ದೀರಿ," ಎಂದು ಜೀಪು ಹತ್ತಿದರು. ಜೀಪು ಮರೆಯಾದದ್ದೇ ತಡ ಬಸ್ಸಿನಲ್ಲಿ ಕೇಕೆ ಎದ್ದಿತು. "ಏಮಯ್ಯಾ ಪೆದ್ದಪ್ಪ, ಎಲ್ಲಿಟ್ಟಿದ್ದೆ ಇಷ್ಟು ಬುದ್ಧೀನ!" ಎಂದು ಚನ್ನರಾಯಪ್ಪ ನಕ್ಕ. ಕದಿರೇಶ ಕೋಲಾರದಲ್ಲಿ ಇಳಿದು, ಕಾದ ಟಾರಿನ ಮೇಲೆ ಹೆಜ್ಜೆ ಎತ್ತೆತ್ತಿ ಇಡುತ್ತ ಆಫೀಸಿಗೆ ಹೋದ.

ಹಬ್ಬ ಕಳೆದ ಮೇಲೆ, ನಲವತ್ತನೆಯ ದಿನ ಆದೇಶ ಬಂತು. ಮುಳಬಾಗಿಲ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಕೋದಂಡ ಅದನ್ನು ನಾಲ್ಕು ಸಲ ಓದಿದ. ಸಾಯಂಕಾಲ ಮನೆಯಲ್ಲಿ ಮಾವನಿಗೆ ಓದಿ ಹೇಳುವಾಗ ನಡುವಿನ ಒಂದು ಸಾಲನ್ನು ನುಂಗಿದ. ಏಳನೆಯ ತರಗತಿ ಓದಿದ್ದ ಭಾರತಮ್ಮ ಗಂಡನ ಕಣ್ಣು ಸಾಲು ಹಾರಿದ್ದನ್ನು ಕಂಡು, ಕಾಗದ ತೆಗೆದುಕೊಂಡು ತಾನೇ ಗಟ್ಟಿಯಾಗಿ ಓದಿದಳು.

"ಪರಿಶೀಲನೆಯ ದಿನ ಬಸ್ಸು ವೇಳೆಗೆ ಸರಿಯಾಗಿ ಸಂಚರಿಸಿದೆ. ಆದರೆ ಅಂದಿನ ಪ್ರಯಾಣಿಕರೆಲ್ಲರೂ ಕುರುಡುಮಲೆಗೆ ಹರಕೆ ಹೊತ್ತ ಯಾತ್ರಿಕರಾಗಿದ್ದು, ಉಳಿದ ದಿನಗಳಲ್ಲಿ ಈ ಮಾರ್ಗದಲ್ಲಿ ಇಷ್ಟು ಜನ ಇರುವರೆಂದು ಹೇಳಲಾಗದು. ಆದ್ದರಿಂದ ಎರಡಂತಸ್ತಿನ ಬಸ್ಸನ್ನು ಹಿಂಪಡೆಯಲಾಗಿದೆ. ಮೇಲಂತಸ್ತಿನ ನಿರ್ವಾಹಕರು ಸೋಮವಾರ ಮಾಲೂರಿನಲ್ಲಿ ಹಾಜರಾಗತಕ್ಕದ್ದು."

ಒಳಗೆ ಹುಳುಗಳು ಸೊಪ್ಪು ಮೇಯುವ ಸದ್ದು ಕೇಳುತ್ತಿತ್ತು.

"ಅರ್ಜಿ ಬರೆಯೋಣ ಮಾವ," ಎಂದ ಕೋದಂಡ. "ನಾವು ಯಾತ್ರಿಕರಲ್ಲ, ದಿನಾ ಬರೋ ಜನ ಅಂತ. ಎಲ್ಲಾರ ಹೆಬ್ಬೆಟ್ಟು ಹಾಕಿಸೋಣ."

"ಆವಪ್ಪಂದೇನೂ ತಪ್ಪಿಲ್ಲ ಅಳಿಯಂದ್ರೇ," ಎಂದ ಪೆದ್ದಪ್ಪ. "ನಾನು ಇಲ್ಲದ ಹರಕೇನ ವಿನಾಯಕನ ಹೆಸರಲ್ಲಿ ಹೇಳ್ದೆ. ಊರೋರ ಮೇಲೆಲ್ಲ ಹಾಕ್ದೆ. ಬಸ್ಸು ಕಿತ್ಕೊಂಡಿದ್ದು ಆಫೀಸರಲ್ಲ. ಹರಕೆ ತೀರಿಸ್ಬೇಕು."

"ಇಲ್ಲದ ಹರಕೇನ ಹೆಂಗೆ ತೀರಿಸೋದು?"

"ಬಾಯಲ್ಲಿ ಬಂದ ಮೇಲೆ ಐತೆ ಅಂತಾನೇ ಅಲ್ವಾ?"

ಕೋದಂಡ ಲೆಕ್ಕ ಹಾಕಿದ. ಹರಕೆ ತೀರಿಸಿದರೆ ಅಂದಿನವರು ಯಾತ್ರಿಕರೇ ಆಗುತ್ತಾರೆ, ಅಧಿಕಾರಿ ಬರೆದದ್ದು ನಿಜವಾಗುತ್ತದೆ. ತೀರಿಸದಿದ್ದರೆ ಮಾವ ದೇವರ ಮುಂದೆ ಸುಳ್ಳನಾಗುತ್ತಾನೆ. ಇದನ್ನು ಮಾವನಿಗೆ ವಿವರಿಸಲು ಎರಡು ಸಲ ಬಾಯಿ ತೆರೆದ. ಎರಡು ಸಲವೂ ಅವನಿಗೇ ಗೋಜಲಾಯಿತು.

ಭಾನುವಾರ ಕೋಳಿ ಕೂಗುವಾಗ ಬೈರಕೂರು ಹೊರಟಿತು. ಅಂದು ಬಸ್ಸಿನಲ್ಲಿದ್ದ ಊರಿನವರೆಲ್ಲ ಬರಿಗಾಲಲ್ಲಿ ನಡೆದರು. ಚನ್ನರಾಯಪ್ಪ ಎತ್ತಿನ ಗಾಡಿಯಲ್ಲಿ ಬರಿಗಾಲು ಇಳಿಬಿಟ್ಟು ಕೂತ. ಗಾಡಿಯಲ್ಲೇ ಕೋದಂಡನ ಟ್ರಂಕು. ಅವನು ದೇವಸ್ಥಾನದಿಂದ ಮುಳಬಾಗಿಲಿಗೆ ಹೋಗಿ ನಾಲ್ಕರ ಬಸ್ಸು ಹಿಡಿದು, ಕೋಲಾರದಲ್ಲಿ ಬದಲಿಸಿ ಮಾಲೂರು ಸೇರಬೇಕಿತ್ತು. ಕದಿರೇಶ ಬಂದ, ಆದರೆ ಚಪ್ಪಲಿ ಹಾಕಿಕೊಂಡೇ ಬಂದ. "ಅವತ್ತು ನಾನು ಬಿಟ್ಟಿದ್ದು ಅಕ್ಕನ ಮಾತಿಗೆ. ನಂದು ಹರಕೆಯಲ್ಲ," ಎಂದ. ಪೆದ್ದಪ್ಪ ಯೋಚಿಸಿ ಒಪ್ಪಿಕೊಂಡ.

ಕುರುಡುಮಲೆಯಲ್ಲಿ ಆಳೆತ್ತರವನ್ನೂ ಮೀರಿದ ವಿನಾಯಕನಿಗೆ ಮಂಗಳಾರತಿಯಾಯಿತು. ಪೆದ್ದಪ್ಪ ಕೆನ್ನೆ ಬಡಿದುಕೊಂಡು, ಈಡುಗಾಯಿ ಒಡೆದು, ಮುಖ ಹಗುರ ಮಾಡಿಕೊಂಡು ಹೊರಗೆ ಬಂದ. "ಈಗ ಅರ್ಜಿ ಬರೀರಿ," ಎಂದ.

ಅಕ್ಷರ ದುಂಡಗೆ ಬರುವುದೆಂದು ಕದಿರೇಶನಿಗೆ ಕಾಗದ ಕೊಟ್ಟರು. ಅವನು ದೇವಸ್ಥಾನದ ಎದುರಿನ ಕಟ್ಟೆಯ ಮೇಲೆ ಕೂತು 'ಮಾನ್ಯರೇ' ಎಂದು ಬರೆದು, ಲೇಖನಿ ಎತ್ತಿ ಕೇಳಿದ: "ಏನಂತ ಬರೀಲಿ? ಅವತ್ತು ಹರಕೆ ಇರ್ಲಿಲ್ಲ ಅಂತಾನಾ?"

"ಥೂ, ದೇವರೆದುರಿಗೆ ಹಂಗೆ ಬರೀತಾರಾ?" ಎಂದಳು ದೊಡ್ಡಗಂಗಮ್ಮ. "ಈಗ ತಾನೇ ತೀರಿಸಿದ್ದೀವಿ."

"ಇತ್ತು ಅಂತ ಬರೆದ್ರೆ ಬಸ್ಸು ಯಾಕೆ ಕೊಡ್ತಾನೆ?"

"ಇತ್ತು, ಆದ್ರೆ ದಿನಾ ಬರೋರಿಗೇ ಇತ್ತು ಅಂತ ಬರಿ," ಎಂದ ಚನ್ನರಾಯಪ್ಪ ಗಾಡಿಯಿಂದ.

"ದಿನಾ ಬರೋರು ಅವತ್ತು ಮಾತ್ರ ಯಾಕೆ ಬರಿಗಾಲಲ್ಲಿ ಬಂದ್ರು ಅಂತ ಕೇಳಿದ್ರೆ?"

"ಹರಕೆ ಇತ್ತಲ್ಲ!"

ಮಾತು ಸುತ್ತಿ ಸುತ್ತಿ ಹೊರಟಲ್ಲಿಗೇ ಬಂತು. ಎಲ್ಲರೂ ಕೋದಂಡನ ಕಡೆ ನೋಡಿದರು, ನೌಕರಿಯವನಿಗೆ ಗೊತ್ತಿರಬೇಕೆಂದು. ಅವನಿಗೆ ಗೊತ್ತಿರಲಿಲ್ಲ. ಬಸ್ಸು ಹೋದದ್ದು ಮಾವನ ಮಾತಿನಿಂದಲೋ, ತಾನು ಬೂಟು ಬಿಚ್ಚಿಟ್ಟದ್ದರಿಂದಲೋ, ಶ್ರೀನಿವಾಸಪುರದ ಬಸ್ಸಿನ ಹಾಗೆ ಯಾವ ಕಾರಣವೂ ಇಲ್ಲದೆಯೋ, ಎಷ್ಟು ಯೋಚಿಸಿದರೂ ಒಂದು ಕಡೆ ನಿಲ್ಲುತ್ತಿರಲಿಲ್ಲ.

"ಹೊತ್ತಾಯ್ತು," ಎಂದಳು ಭಾರತಮ್ಮ. ಗಾಡಿಯಿಂದ ಟ್ರಂಕು ಇಳಿಸಿ ಒಂದು ಕಡೆಯ ಹಿಡಿಕೆ ತಾನೇ ಹಿಡಿದಳು. ಇನ್ನೊಂದು ಕಡೆ ಅವನು ಹಿಡಿದ. ಮುಳಬಾಗಿಲಿನ ದಾರಿಯಲ್ಲಿ ಒಂದಷ್ಟು ದೂರ ಇಬ್ಬರೂ ನಡೆದರು.

"ಹುಳ ಗೂಡು ಕಟ್ಟಿದ ಮೇಲೆ ಬರ್ತೀನಿ," ಎಂದಳು ಅವಳು. "ಎಂಟು ದಿನ ಇರ್ತೀನಿ. ಅಪ್ಪ ಒಬ್ಬನೇ ಇದ್ರೂ ಆಗುತ್ತೆ."

"ನಿಜವಾಗ್ಲೂನಾ? ಅಲ್ಲಿ ಬರೀ ಇಟ್ಟಿಗೆ ಧೂಳು ಕಣೇ."

"ಇರ್ಲಿ. ಬಸ್ಸು ಬರೋದು ಬಿಡೋದು ಕಾಯ್ಕೊಂಡು ಕೂತ್ರೆ ನಂಗೆ ವಯಸ್ಸಾಗುತ್ತೆ."

ಅವನು ತಿರುಗಿ ನೋಡಿದ. ಕಟ್ಟೆಯ ಸುತ್ತ ಜನ ಇನ್ನೂ ನಿಂತಿದ್ದರು. ಪೆದ್ದಪ್ಪ ಕೈಯಾಡಿಸುತ್ತ ಏನನ್ನೋ ಹೇಳಿ ಬರೆಸುತ್ತಿದ್ದ. ಕದಿರೇಶ ಬಗ್ಗಿ ಬರೆಯುತ್ತಿದ್ದ, ಮತ್ತೆ ನಿಲ್ಲಿಸಿ, ಬರೆದದ್ದನ್ನು ಹೊಡೆದುಹಾಕುತ್ತಿದ್ದ.